ಚೌರಿ ಸುಳ್ಳಲ್ಲ, ಸೀಸೆ ಸುಳ್ಳು

“ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ” ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಅವರ ತಲೆಯ ಮೇಲೆ ಕೂದಲಿಗೇನೂ ಕೊರತೆಯಿರಲಿಲ್ಲ ಎಂಬುದರಲ್ಲಿ ಮಾತ್ರ ನನಗೆ ಸಂದೇಹವಿಲ್ಲ. ಕೂದಲಿಲ್ಲದವಳು ಏನು ಮಾಡಬೇಕೆಂದು ಆ ಗಾದೆ ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆಂದೇ ಈಗ ನಮ್ಮ ಹೈದರಾಬಾದಿನಲ್ಲಿ ಅಂಗಡಿಗಳು ಎದ್ದಿವೆ. ಅಮೀರ್‌ಪೇಟೆಯಿಂದ ದಿಲ್‌ಸುಖ್‌ನಗರದವರೆಗೆ ಒಮ್ಮೆ ಫಲಕಗಳನ್ನು ಓದುತ್ತ ಹೋಗಿ ನೋಡಿ. ಎಡಗಡೆಗೆ ಅಳುಮುಖದ ಬೋಳುತಲೆ, ಬಲಗಡೆಗೆ ನಗುಮುಖದ ತುಂಬುಗೂದಲು. ನಡುವೆ ಒಂದು ಸೀಸೆ, ಇಲ್ಲವೆ ಒಂದು ಸೂಜಿ. ಮನುಷ್ಯನ ದುಃಖವೆಲ್ಲ ಎಡಗಡೆಯಲ್ಲೂ ಸುಖವೆಲ್ಲ ಬಲಗಡೆಯಲ್ಲೂ ಇದ್ದಂತೆ!

ಈ ವಿಷಯ ಬರೆಯಬೇಕೆಂಬ ಹಂಬಲ ನನಗೇನೂ ಇರಲಿಲ್ಲ. ದೇಶದಲ್ಲಿ ಇದಕ್ಕಿಂತ ದೊಡ್ಡ ಕಷ್ಟಗಳಿಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳುತ್ತಿದ್ದೆ. ನಮ್ಮ ಮನೆಯಲ್ಲೇ ನಡೆದದ್ದನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗಲಿಲ್ಲ.

ನನ್ನ ತಂಗಿ ಕಲಬುರ್ಗಿಯವಳು. ಅವಳ ಮಗಳು ಇಲ್ಲಿ ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ, ನಮ್ಮ ಮನೆಯಲ್ಲೇ ಇರುತ್ತಾಳೆ. ಹೋದ ವರ್ಷ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಕೂದಲು ತೆಳುವೆಂದು ನನ್ನ ತಂಗಿ ಒಂದು ಚೌರಿ ಸೇರಿಸಿ ಹೆರಳು ಹಾಕಿದ್ದಳು. ಗಂಡಿನ ತಾಯಿ ಉಪ್ಪಿಟ್ಟು ತಿಂದು ಚಹಾ ಕುಡಿದು, ಹುಡುಗಿಯ ಹಿಂದೆ ಬಂದು ನಿಂತು, ಹೆರಳನ್ನು ಕೈಯಲ್ಲಿ ತೂಗಿ ನೋಡಿ, “ಖರೇ ಹೆರಳೇನೋ, ಚೌರಿ ಹಾಕೀರೋ?” ಎಂದು ಎಲ್ಲರೆದುರಿಗೆ ಕೇಳಿದರು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವನು ಕೂಡ ಇಷ್ಟು ನಿರ್ದಾಕ್ಷಿಣ್ಯವಾಗಿ ನೋಡುವುದಿಲ್ಲ. ಸಂಬಂಧ ಅಲ್ಲಿಗೇ ಮುರಿಯಿತು. ಅದಕ್ಕೆ ನನಗೆ ವ್ಯಥೆಯಿಲ್ಲ. ಅಂಥ ಮನೆಗೆ ಹೋಗದಿದ್ದುದೇ ಒಳ್ಳೆಯದಾಯಿತು.

ನನ್ನ ವ್ಯಥೆ ಆಮೇಲಿನದು. ಮರುವಾರವೇ ನನ್ನ ತಂಗಿ ಮಗಳನ್ನು ಒಂದು ‘ಕೇಶ ಚಿಕಿತ್ಸಾ ಕೇಂದ್ರ’ಕ್ಕೆ ಕರೆದೊಯ್ದಳು. ಅಲ್ಲಿ ತಲೆಯ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿ, ಹೆದರಿಸಿ, ಆರು ತಿಂಗಳ ಕೋರ್ಸೆಂದು ಎಣ್ಣೆ, ಶಾಂಪೂ, ಗುಳಿಗೆಗಳ ಒಂದು ಪೆಟ್ಟಿಗೆ ಕೊಟ್ಟರು. ಒಟ್ಟು 38,000 ರೂಪಾಯಿ. ಯಾರೂ ಅವಳ ರಕ್ತ ಪರೀಕ್ಷೆ ಮಾಡಿಸಲಿಲ್ಲ. ತಿಂಗಳ ಮುಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ದಿನ ಹುಡುಗಿ ನನ್ನೆದುರು ಕುಳಿತು, “ದೊಡ್ಡಮ್ಮ, ಕೂದ್ಲ ಹೋದ್ರ ಹೋಗ್ಲಿ, ಎರಡು ಮೆಟ್ಟಲ ಹತ್ತಿದ್ರ ಎದಿ ಹೊಡ್ಕೋತದ” ಎಂದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೆಣ್ಣುಮಗಳಿಗೆ 12 ಗ್ರಾಮಾದರೂ ಇರಬೇಕಾದ ಹಿಮೋಗ್ಲೋಬಿನ್ 7 ಗ್ರಾಮಿಗೆ ಇಳಿದಿತ್ತು. ಕೂದಲು ತೆಳುವಾಗಿ ದೇಹ ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು; ನಾವು ಅದರ ಬಾಯಿಗೆ ಎಣ್ಣೆ ಬಳಿಯುತ್ತಿದ್ದೆವು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಬಾಣಂತನ, ಟೈಫಾಯ್ಡು, ಡೆಂಗೀ, ಅತಿಯಾದ ಉಪವಾಸ, ಇವೆಲ್ಲ ಕೂದಲು ಉದುರಿಸಬಲ್ಲವು. 2020-21ರಲ್ಲಿ ಕೊರೋನಾ ಬಂದು ಹೋದ ಮೇಲೆ ಎಷ್ಟು ಮನೆಗಳಲ್ಲಿ ಬಾಚಣಿಗೆ ತುಂಬ ಕೂದಲು ಬಂತೆಂಬುದನ್ನು ನೀವೇ ನೆನೆಸಿಕೊಳ್ಳಿ.

ಈಗ ನನ್ನ ವಾದವನ್ನು ನೇರವಾಗಿ ಹೇಳುತ್ತೇನೆ. ಕೂದಲನ್ನು ತುಂಬಿದಂತೆ ಕಾಣಿಸುವುದು ಒಂದು. ಕೂದಲನ್ನು ಬೆಳೆಸುತ್ತೇನೆಂದು ಹೇಳುವುದು ಇನ್ನೊಂದು. ಮೊದಲನೆಯದು ಅಲಂಕಾರ. ಅದು ನಮ್ಮ ಅಜ್ಜಿಯರು ಬಲ್ಲ ವಿದ್ಯೆ, ಖರ್ಚು ಕಡಿಮೆ, ಅದರಲ್ಲಿ ಮೋಸವಿಲ್ಲ. ಎರಡನೆಯದು ಹೆಚ್ಚಿನ ಪಾಲು ಬರಿಯ ವ್ಯಾಪಾರ. ಅದರ ಬಂಡವಾಳ ನಮ್ಮ ನಾಚಿಕೆ. ಆದರೆ ನಮ್ಮ ಸಮಾಜ ಮಾಡಿದ್ದೇನು? ಅಲಂಕಾರವನ್ನು ಮೋಸವೆಂದಿತು, ವ್ಯಾಪಾರವನ್ನು ಚಿಕಿತ್ಸೆಯೆಂದಿತು.

ಸೀಸೆಯ ಗುಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ದಿನಕ್ಕೆ 50ರಿಂದ 100 ಉದುರುವುದು ಸಹಜ. ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ನಮ್ಮ ಕಣ್ಣಿಗೆ ಕಾಣುವ ಎಳೆಗೆ ಜೀವವಿಲ್ಲ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಜ್ವರವೋ ಬಾಣಂತನವೋ ಆದ ಎರಡು ಮೂರು ತಿಂಗಳಿಗೆ ಕೂದಲು ರಾಶಿರಾಶಿಯಾಗಿ ಉದುರುತ್ತದೆ. ಮೂಲ ಕಾರಣ ಹೋಗಿದ್ದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ಮತ್ತೆ ಬರುತ್ತದೆ. ಕೋರ್ಸು ಆರು ತಿಂಗಳದ್ದೇ ಏಕೆಂದು ಈಗ ತಿಳಿಯಿತಲ್ಲ? ಪ್ರಕೃತಿ ಮಾಡಿದ ಕೆಲಸಕ್ಕೆ ಅಂಗಡಿಯವನು ರಸೀದಿ ಹರಿಯುತ್ತಾನೆ. ಕೂದಲು ಬರದಿದ್ದರೆ “ನೀವು ಕ್ರಮವಾಗಿ ಹಚ್ಚಲಿಲ್ಲ” ಎನ್ನುತ್ತಾನೆ. ಎರಡರಲ್ಲೂ ಅವನಿಗೆ ನಷ್ಟವಿಲ್ಲ.

ವಂಶದಿಂದ ಬಂದ ಬೋಳಿಗೆ ವೈದ್ಯರ ಬಳಿ ಔಷಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಕ್ತದೊತ್ತಡದ ಗುಳಿಗೆಯಾಗಿ ಬಂದ ಮಿನಾಕ್ಸಿಡಿಲ್ ಎಂಬ ಔಷಧವನ್ನು ತಲೆಗೆ ಹಚ್ಚಲು ಅಮೆರಿಕೆಯಲ್ಲಿ 1988ರಲ್ಲಿ ಒಪ್ಪಿಗೆ ಕೊಟ್ಟರು. ಅದರಿಂದ ಕೆಲವರಿಗೆ ಗುಣ ಕಾಣುತ್ತದೆ, ಎಲ್ಲರಿಗೂ ಅಲ್ಲ. ಹಚ್ಚುವುದನ್ನು ಬಿಟ್ಟರೆ ಬಂದದ್ದು ಹೋಗುತ್ತದೆ. ನಿಜವಾದ ಔಷಧವೇ ಇಷ್ಟು ವಿನಯದಿಂದ ಮಾತನಾಡುವಾಗ, ಸಂತೆಯ ಎಣ್ಣೆಗೆ ಎಂಥ ಗರ್ವ! ನಮ್ಮ ದೇಶದ 1945ರ ಔಷಧ ನಿಯಮಗಳಿಗೆ ‘ಜೆ’ ಎಂಬ ಒಂದು ಅನುಸೂಚಿಯಿದೆ. ಇಂತಿಂಥ ರೋಗಗಳನ್ನು ಗುಣಪಡಿಸುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳಕೂಡದೆಂಬ ಪಟ್ಟಿ ಅದು. ಅದರಲ್ಲಿ ಬೋಳುತನವೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಕಾಯಿದೆ ಪುಸ್ತಕದಲ್ಲಿದೆ, ಫಲಕ ಬೀದಿಯಲ್ಲಿದೆ.

ಕಾಯಿದೆಯನ್ನು ಓದದವರ ಗತಿಯನ್ನು ನಮ್ಮ ಊರೇ ಕಂಡಿದೆ. 2025ರ ಏಪ್ರಿಲಿನಲ್ಲಿ ಉಪ್ಪಲ್‌ನಲ್ಲಿ, ತಲೆ ಬೋಳಿಸಿಕೊಂಡು ಬಂದರೆ ಕೂದಲು ಬರುವ ಮದ್ದು ಹಚ್ಚುತ್ತಾರೆಂಬ ಸುದ್ದಿ ಹಬ್ಬಿ, ಜನ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತರು. ಅದಕ್ಕೆ ಹಿಂದಿನ ತಿಂಗಳಷ್ಟೇ ಪಂಜಾಬಿನ ಸಂಗ್ರೂರಿನಲ್ಲಿ ಇಂಥದೇ ಶಿಬಿರದಲ್ಲಿ ಎಣ್ಣೆ ಹಚ್ಚಿಸಿಕೊಂಡ ಹತ್ತಾರು ಮಂದಿ ಕಣ್ಣು ಉರಿ, ಊತವೆಂದು ಆಸ್ಪತ್ರೆಗೆ ಓಡಿದ್ದರು. ಕೂದಲಿಗಾಗಿ ಇದ್ದಬದ್ದ ಕೂದಲನ್ನೂ ಬೋಳಿಸಿಕೊಂಡು ನಿಂತ ಆ ಸಾಲನ್ನು ನೋಡಿ ನಗುವುದು ಸುಲಭ. ನನಗೆ ನಗು ಬರಲಿಲ್ಲ. ಅವರಲ್ಲಿ ಬಹುಮಂದಿ ಎಳೆಯ ಹುಡುಗರು. ಯಾರೋ ಅವರನ್ನು ನೋಡಿ ಮೊದಲೇ ನಕ್ಕಿದ್ದರಿಂದಲೇ ಅಲ್ಲಿಗೆ ಬಂದವರು.

ನಮ್ಮ ಕರ್ನಾಟಕದ್ದೇ ಒಂದು ಎಣ್ಣೆಯ ಮಾತನ್ನೂ ಹೇಳಬೇಕು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ‘ಆದಿವಾಸಿ ಎಣ್ಣೆ’ ಈಗ ದೇಶದಲ್ಲೆಲ್ಲ ಪ್ರಸಿದ್ಧ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಬಿಟ್ಟ ಜನ ಅವರು. ಎಣ್ಣೆ ಮಾರಿ ಬದುಕಿದರೆ ನನಗೇಕೆ ಹೊಟ್ಟೆಯುರಿ? ಎಣ್ಣೆಯಿಂದ ಉಪಯೋಗವೂ ಉಂಟು. ಕೊಬ್ಬರಿ ಎಣ್ಣೆ ಎಳೆಯೊಳಕ್ಕೆ ಇಳಿದು ತೊಳೆಯುವಾಗ ಕೂದಲು ತುಂಡಾಗುವುದನ್ನು ಕಡಿಮೆ ಮಾಡುತ್ತದೆ. ಆದರೆ ಮಾರುವವಳ ಕೂದಲು ಮೊಣಕಾಲಿಗೆ ಬರುತ್ತದೆಂದ ಮಾತ್ರಕ್ಕೆ ಕೊಳ್ಳುವವಳ ಕೂದಲೂ ಬರುವುದಿಲ್ಲ. ಜಟ್ಟಿಯ ಕೈಯಿಂದ ಬಾಳೆಹಣ್ಣು ಕೊಂಡವರೆಲ್ಲ ಜಟ್ಟಿಗಳಾಗುತ್ತಾರೆಯೇ?

ಇನ್ನು ಕೆಲವರು ಎಲ್ಲ ತಪ್ಪನ್ನೂ ಹೈದರಾಬಾದಿನ ನೀರಿನ ತಲೆಗೆ ಕಟ್ಟುತ್ತಾರೆ. “ಊರಲ್ಲಿದ್ದಾಗ ಹೆರಳು ಎಷ್ಟು ದಪ್ಪವಿತ್ತು!” ಎಂದು ನಿಟ್ಟುಸಿರು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ತುದಿ ಮುರಿಯುತ್ತದೆ, ಇದು ನಿಜ. ಕೊನೆಯ ಎರಡು ಚೊಂಬನ್ನು ನಲ್ಲಿಯ ನೀರಿನಲ್ಲಿ ಹೊಯ್ದುಕೊಂಡರೆ ಸಾಕು. ನಮ್ಮ ಬೀದರಿನ ನೆಲ ಮುಟ್ಟಿ ಬಂದ ಮಂಜೀರಾ ನೀರು ಈ ಊರಿನ ಎಷ್ಟೋ ನಲ್ಲಿಗಳಲ್ಲಿ ಇಂದಿಗೂ ಬರುತ್ತದೆ. ಬುಡದಿಂದ ಉದುರುವುದಕ್ಕೆ ಮಾತ್ರ ನೀರನ್ನು ದೂರಿ ಕುಳಿತರೆ ನಿಜವಾದ ಕಾರಣ ಒಳಗೇ ಉಳಿಯುತ್ತದೆ.

ಹಾಗಾದರೆ ತೆಳುಗೂದಲಿನವರು ಏನು ಮಾಡಬೇಕು? ತುಂಬಿ ಕಾಣಬೇಕೆಂಬ ಆಸೆಯೇ ತಪ್ಪೆಂದು ಉಪದೇಶ ಮಾಡುವವಳು ನಾನಲ್ಲ. ಬೇಲೂರಿನ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತ ಸುಂದರಿ ಏನು ತಪಸ್ಸು ಮಾಡುತ್ತಿದ್ದಾಳೆಯೇ? ಮಾಡುವುದನ್ನು ತಿಳಿದು ಮಾಡಿ. ತೆಳುಗೂದಲಿಗೆ ಎಣ್ಣೆ ಬಳಿದರೆ ಅದು ನೆತ್ತಿಗಂಟಿ ಇನ್ನಷ್ಟು ತೆಳುವಾಗಿ ಕಾಣುತ್ತದೆ. ಹಚ್ಚಿಕೊಂಡದ್ದನ್ನು ಚೆನ್ನಾಗಿ ತೊಳೆಯಿರಿ. ತಲೆ ಬಗ್ಗಿಸಿ ಕೂದಲು ಮುಂದಕ್ಕೆ ಹಾಕಿ ಒಣಗಿಸಿದರೆ ಬುಡ ಎದ್ದು ನಿಲ್ಲುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಬೈತಲೆ ತೆಗೆದರೆ ಆ ಗೆರೆ ಅಗಲವಾಗಿ ಕಾಣುತ್ತದೆ; ಸ್ವಲ್ಪ ಪಕ್ಕಕ್ಕೆ ಸರಿಸಿ. ಇಲಿಬಾಲದಂಥ ತುದಿಯನ್ನು ನೇರವಾಗಿ ಕತ್ತರಿಸಿಬಿಡಿ. ಕುತ್ತಿಗೆಯವರೆಗಿನ ಕೂದಲು ಸೊಂಟದವರೆಗಿನ ತೆಳುಗೂದಲಿಗಿಂತ ಎರಡು ಪಾಲು ತುಂಬಿ ಕಾಣುತ್ತದೆ. ಹೆರಳನ್ನು ಬಿಗಿಯಾಗಿ ಎಳೆಯಬೇಡಿ. ವರ್ಷಗಳ ಎಳೆತದಿಂದ ಹಣೆಯ ಅಂಚಿನ ಕೂದಲು ಶಾಶ್ವತವಾಗಿ ಹೋಗುವುದುಂಟು. ಅಂಟು ಹಾಕಿ ಕೂದಲಿಗೆ ಕೂದಲು ಜೋಡಿಸುವ ಹೊಸ ಪದ್ಧತಿಯಲ್ಲೂ ಅದೇ ಅಪಾಯವಿದೆ.

ಇವೆಲ್ಲ ಸಾಲದಿದ್ದರೆ ಚೌರಿ ಇದ್ದೇ ಇದೆ. ತೆಲುಗಿನವರು ಸವರಂ ಎನ್ನುತ್ತಾರೆ, ಮರಾಠಿಯವರು ಗಂಗಾವನ ಎನ್ನುತ್ತಾರೆ. ಮೂರು ಭಾಷೆಯವರೂ ಹೆಸರಿಟ್ಟುಕೊಂಡ ಮೇಲೆ ಅದರಲ್ಲಿ ಗುಟ್ಟೇನು ಉಳಿಯಿತು? ನಮ್ಮ ಮೈಸೂರು ಕಡೆಯ ಮೊಗ್ಗಿನ ಜಡೆಯನ್ನು ನೋಡಿ. ಅದರ ಒಳಗೆ ಸ್ವಂತ ಕೂದಲೆಷ್ಟು, ಚೌರಿಯೆಷ್ಟು ಎಂದು ಯಾರಾದರೂ ಲೆಕ್ಕ ಕೇಳುತ್ತಾರೆಯೇ? ಕೂಚಿಪುಡಿಯ ಹುಡುಗಿ ಉದ್ದ ಜಡೆ ಕಟ್ಟಿ ರಂಗದ ಮೇಲೆ ಬಂದರೆ ಚಪ್ಪಾಳೆ ತಟ್ಟುತ್ತೇವೆ. ನಮ್ಮ ಮನೆಯ ಹುಡುಗಿ ಮೂರೆಳೆ ಚೌರಿ ಸೇರಿಸಿದರೆ ವಂಚಕಿಯೇ?

“ಹೆಣ್ಣು ತೋರಿಸುವಾಗ ಚೌರಿ ಹಾಕುವುದು ಮುಚ್ಚುಮರೆಯಲ್ಲವೇ?” ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಸ್ವಾಮಿ, ಅಂದು ಬಂದಿದ್ದ ವರ ಮಹಾಶಯರು ತಮ್ಮ ಹಿಂದಲೆಯ ಕೂದಲನ್ನೆಲ್ಲ ಮುಂದಕ್ಕೆ ಬಾಚಿ ಹಣೆ ಮುಚ್ಚಿಕೊಂಡಿದ್ದರು. ನಾವು ಅದನ್ನು ಕೈಯಿಂದ ಎತ್ತಿ ನೋಡಲಿಲ್ಲ! ಗಂಡುಮಕ್ಕಳ ಪಾಡೂ ಈಗ ಸುಖವಲ್ಲವೆಂಬುದನ್ನು ಬಲ್ಲೆ. 2017ರಲ್ಲಿ ಬಂದ ‘ಒಂದು ಮೊಟ್ಟೆಯ ಕಥೆ’ ಚಿತ್ರದ ಬೋಳುತಲೆಯ ಕನ್ನಡ ಮೇಷ್ಟ್ರು ಹೆಣ್ಣು ಹುಡುಕಿ ಬಳಲುವುದನ್ನು ನೋಡಿ ನಕ್ಕವರೇ, ಮನೆಗೆ ಬಂದು ಮಗನ ನೆತ್ತಿ ಮುಟ್ಟಿ ನೋಡಿದರು. ಅಂಥ ಹುಡುಗರು ಸಾಲ ಮಾಡಿ ಕೂದಲು ನೆಡಿಸಿಕೊಳ್ಳುತ್ತಾರೆ. ವೀಡಿಯೋ ನೋಡಿ ಕಲಿತದ್ದು ಈ ಕೆಲಸಕ್ಕೆ ತರಬೇತಿಯಾಗದೆಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಬೇಕಾಯಿತೆಂದರೆ, ಯಾರ್ಯಾರ ಕೈಗೆ ತಲೆ ಕೊಡುತ್ತಿದ್ದೇವೆಂದು ಯೋಚಿಸಿ.

ನಮಗೆ ಕೂದಲಿನ ಮೇಲೆ ಈ ಪರಿಯ ಹಟ ಏಕೆ? ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂರಿಸಿದ ಸಮಾಜ ನಮ್ಮದು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು 1976ರಲ್ಲಿ ಪುಸ್ತಕವಾಗಿಯೂ 1983ರಲ್ಲಿ ಪ್ರೇಮಾ ಕಾರಂತರ ಚಿತ್ರವಾಗಿಯೂ ಕಂಡು ಕಣ್ಣೀರಿಟ್ಟವರು ನಾವು. ಕ್ಷೌರಿಕನ ಕತ್ತಿ ಹೋಯಿತು. ಆದರೆ ಹೆಣ್ಣಿನ ಯೋಗ್ಯತೆಯನ್ನು ಅವಳ ಕೂದಲಿನಿಂದ ಅಳೆಯುವ ಕೋಲು ಹೋಗಿಲ್ಲ. ತಿರುಪತಿಯ ಗಾಡಿ ಬಂದಾಗ ಕಾಚಿಗುಡ ನಿಲ್ದಾಣದಲ್ಲಿ ನಿಂತು ನೋಡಿ: ಮುಡಿ ಕೊಟ್ಟು ಬಂದ ತಾಯಂದಿರು ಬೋಳುತಲೆಗೆ ಗಂಧ ಬಳಿದುಕೊಂಡು ತಲೆಯೆತ್ತಿ ನಡೆಯುತ್ತಾರೆ, ಎದುರಾದವರು ಪ್ರಸಾದಕ್ಕೆ ಕೈಚಾಚುತ್ತಾರೆ. ಅಂದಮೇಲೆ ನಾಚಿಕೆ ಇರುವುದು ತಲೆಯಲ್ಲಲ್ಲ, ನೋಡುವವರ ಕಣ್ಣಿನಲ್ಲಿ.

ಆದ್ದರಿಂದ ನಮ್ಮ ಸಂಘದ ಸೋದರಿಯರಲ್ಲಿ, ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಮಗಳ ಕೂದಲು ಉದುರಿದರೆ ಸೀಸೆ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಆಗುವುದು ಕೆಲವು ನೂರು ರೂಪಾಯಿ. ಹೆಣ್ಣು ನೋಡಲು ಹೋದಾಗ ಹೆರಳಿಗೆ ಕೈ ಹಾಕಬೇಡಿ. ಗಂಡಿನ ನೆತ್ತಿ ನೋಡಿ ಮುಸಿಮುಸಿ ನಗಬೇಡಿ. ಚೌರಿ ಬೇಕಾದವರು ಸುಲ್ತಾನ್ ಬಜಾರಿಗೆ ಹೋಗಿ ಹಾಡುಹಗಲೇ ಕೊಂಡು ತನ್ನಿ.

ನಮ್ಮ ಹುಡುಗಿ ಈಗ ಕಬ್ಬಿಣದ ಗುಳಿಗೆ ನುಂಗುತ್ತಾಳೆ, ಮೆಟ್ಟಲು ಹತ್ತಿದರೆ ಏದುಸಿರಿಲ್ಲ. ಕೂದಲು ಸ್ವಲ್ಪ ಬಂದಿದೆ, ಪೂರ್ತಿ ಬಂದಿಲ್ಲ. ಅದನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದ ದಿನ ನನ್ನ ತಂಗಿ ಅತ್ತಳು, ನಾನು ಒಂದು ಮೊಳ ಮಲ್ಲಿಗೆ ತಂದು ಕೊಟ್ಟೆ. ಮುಡಿಯಲು ಜಡೆಯೇ ಇಲ್ಲವಲ್ಲ ದೊಡ್ಡಮ್ಮ ಎಂದು ನಕ್ಕಳು. ನಕ್ಕು, ಎರಡು ಪಿನ್ನು ಸಿಕ್ಕಿಸಿ ಮುಡಿದೇ ಬಿಟ್ಟಳು. ಆರು ತಿಂಗಳ ಕೋರ್ಸಿನಲ್ಲಿ ನಾನು ಒಂದು ಸಲವೂ ಕಾಣದ ನಗು ಅದು.