ಯಂತ್ರದ ಕಿವಿ, ಮಗುವಿನ ಮಾತು

ಸ್ಪ್ಯಾನಿಷ್ ಭಾಷೆಯಲ್ಲಿ ‘ಪೆರೊ’ ಎಂದರೆ ‘ಆದರೆ’. ನಡುವಣ ರಕಾರವನ್ನು ನಾಲಿಗೆಯ ತುದಿಯಲ್ಲಿ ಕಂಪಿಸಿ ‘ಪೆರ್ರೊ’ ಎಂದರೆ ‘ನಾಯಿ’. ಆ ಕಂಪಿತ ರಕಾರವು ಮಕ್ಕಳ ನಾಲಿಗೆಗೆ ಬಹು ತಡವಾಗಿ ಒಲಿಯುವ ಧ್ವನಿ. ಹೆಚ್ಚಿನವರಿಗೆ ಅದು ವಯಸ್ಸಿನೊಡನೆ ತಾನಾಗಿ ಬರುತ್ತದೆ. ಕೆಲವರಿಗೆ ವಾಕ್‌ಚಿಕಿತ್ಸಕರ ನೆರವು ಬೇಕು. ನೆರವೆಂದರೆ ಒಂದೇ ಪದವನ್ನು ನೂರು ಸಲ ಆಡಿಸಿ, ನೂರು ಸಲವೂ ತಾಳ್ಮೆಯಿಂದ ಕೇಳುವುದು. ಬೇಸರವನ್ನೇ ಅರಿಯದ ಗಣಕಯಂತ್ರವನ್ನು ಈ ಕೆಲಸಕ್ಕೆ ಹೂಡುವ ಯೋಚನೆ ಬಂದದ್ದು ಸಹಜವೇ.

ಸ್ಪೇನಿನ ಸರಗೋಸಾ ವಿಶ್ವವಿದ್ಯಾನಿಲಯದ ಸಂಶೋಧಕರು ಅದೇ ಊರಿನ ಅಲ್ಬೊರಾದಾ ವಿಶೇಷ ಶಾಲೆಯೊಡನೆ ಕೂಡಿ 2000ರ ದಶಕದಲ್ಲಿ ‘ಕೊಮುನಿಕಾ’ ಎಂಬ ಸಾಧನಗಳನ್ನು ರೂಪಿಸಿ ಉಚಿತವಾಗಿ ಹಂಚಿದರು. ಅವುಗಳಲ್ಲಿ ‘ಪ್ರೆಲಿಂಗ್ವಾ’ ಮಾತಿಗೆ ಮುಂಚಿನ ದನಿಯ ಹಿಡಿತಕ್ಕಾಗಿ: ಮಗು ದನಿ ಮಾಡಿದರೆ ತೆರೆಯ ಮೇಲಣ ಚಿತ್ರ ಚಲಿಸುತ್ತದೆ, ಶ್ರುತಿಯನ್ನು ಏರಿಸಿದರೆ ಮೇಲೇರುತ್ತದೆ. ತನ್ನ ದನಿಗೆ ಹೊರಗಿನ ಲೋಕ ಓಗೊಡುತ್ತದೆಂಬ ಅರಿವೇ ಎಷ್ಟೋ ಮಕ್ಕಳಿಗೆ ಮೊದಲ ಪಾಠ. ‘ವೊಕಾಲಿಸಾ’ ಉಚ್ಚಾರಣೆಯದು, ಚಿತ್ರವನ್ನು ತೋರಿಸಿ, ಮಗು ಆಡಿದ ಪದವನ್ನು ಕೇಳಿ, ಅದನ್ನು ತೂಗಿ ನೋಡುತ್ತದೆ.

ತೊಡಕಿರುವುದು ಈ ತೂಗುವುದರಲ್ಲಿಯೇ. ದೊಡ್ಡವರ ಮಾತನ್ನು ಕೇಳಿ ಪಳಗಿದ ಯಂತ್ರಕ್ಕೆ ಮಕ್ಕಳ ಎಳೆಯ ದನಿ ಸುಲಭವಾಗಿ ತಿಳಿಯದು. ಅದಾದರೂ ತಿದ್ದಬಹುದಾದ ಕೊರತೆ. ಯಾರ ಸ್ಪ್ಯಾನಿಷ್ ಸರಿ ಎಂಬುದು ಅದಕ್ಕಿಂತ ಕಠಿನವಾದ ಪ್ರಶ್ನೆ. ಮೇಲೆ ನಾನು ‘ಸರಗೋಸಾ’ ಎಂದು ಬರೆದದ್ದು ಮೆಕ್ಸಿಕೋದವರ ಉಚ್ಚಾರಣೆ. ಆ ಊರಿನವರೇ ನಾಲಿಗೆಯನ್ನು ಹಲ್ಲುಗಳ ನಡುವೆ ತಂದು ‘ಥರಗೋಥಾ’ ಎಂಬಂತೆ ನುಡಿಯುತ್ತಾರೆ. ಕ್ಯೂಬಾದಲ್ಲಿ ಪದಾಂತ್ಯದ ಸಕಾರ ಸವೆದು ಬರಿಯ ಉಸಿರಾಗುತ್ತದೆ, ಕೆಲವೊಮ್ಮೆ ಅದೂ ಉಳಿಯದು. ಒಂದೇ ಸೀಮೆಯ ನುಡಿಗೆ ಪಳಗಿದ ಯಂತ್ರವು ಹವಾನಾದ ಮಗುವಿನ ಮನೆಮಾತನ್ನೇ ದೋಷವೆಂದು ಎಣಿಸೀತು. ‘ಹಾಲು’ ಎನ್ನಲು ‘ಆಲು’ ಎಂದ ಹುಡುಗನನ್ನು ಕಂಡು ತರಗತಿಯೆಲ್ಲ ನಕ್ಕದ್ದನ್ನು ಬಲ್ಲ ನಮ್ಮ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಭ್ಯಾಸದ ಹೊರೆಯನ್ನು ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸಬಹುದು. ಮಗುವಿಗೆ ದೋಷವಿದೆಯೆಂಬ ತೀರ್ಪು ಬೇರೆ. ಅದನ್ನು ಕೊಡುವ ಮೊದಲು ಮನೆಯವರು ಹೇಗೆ ಮಾತನಾಡುತ್ತಾರೆಂದು ಕೇಳಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದ ಶಾಲೆಗಳಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳು ಬಹುಸಂಖ್ಯೆಯಲ್ಲಿದ್ದಾರೆ, ಆ ಭಾಷೆಯನ್ನು ಬಲ್ಲ ಚಿಕಿತ್ಸಕರು ಸಾಲದಷ್ಟಿದ್ದಾರೆ. ಯಂತ್ರದ ಅಗತ್ಯವೂ ಅಲ್ಲಿಯೇ ಹೆಚ್ಚು, ಅದನ್ನು ಕುರುಡಾಗಿ ನಂಬುವ ಅಪಾಯವೂ ಅಲ್ಲಿಯೇ ಹೆಚ್ಚು. ಇಂಗ್ಲಿಷನ್ನು ಮಾತ್ರ ಬಲ್ಲ ಚಿಕಿತ್ಸಕರ ಮುಂದೆ ಯಂತ್ರ ‘ತಪ್ಪು’ ಎಂದರೆ, ತಪ್ಪು ಮಗುವಿನದೋ ಯಂತ್ರದ್ದೋ ಎಂದು ಹೇಳಬಲ್ಲವರು ಆ ಕೊಠಡಿಯಲ್ಲಿ ಇಲ್ಲ. ಹೇಳಬಲ್ಲ ತಾಯಿ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾಳೆ.