ಅತ್ತರು ಕೊಳ್ಳಲು ಅವಸರ ಬೇಡ

ಮೈಸೂರಿನ ದೇವರಾಜ ಮಾರುಕಟ್ಟೆಯ ಅತ್ತರಿನಂಗಡಿಯಲ್ಲಿ ವ್ಯಾಪಾರ ಕುದುರಲು ಎರಡು ನಿಮಿಷ ಸಾಕು. ಅಂಗಡಿಯವರು ಮುಂಗೈಗೆ ಒಂದಿಷ್ಟು ಸವರುತ್ತಾರೆ, ಗಿರಾಕಿ ಮೂಸಿ ತಲೆದೂಗುತ್ತಾರೆ, ದುಡ್ಡು ಕೈಬದಲಾಗುತ್ತದೆ. ಸಂಜೆಗೆ ಅದೇ ಕೈಯಿಂದ ಬೇರೆಯೇ ಪರಿಮಳ. ಕಲಬೆರಕೆಯ ದೂರು ಹುಟ್ಟುವುದು ಆಗಲೇ.

ಎಲ್ಲ ಸಲವೂ ಅದು ಮೋಸವಲ್ಲ. ಪರಿಮಳವೆಂದರೆ ಹತ್ತಾರು ರಾಸಾಯನಿಕಗಳ ಕೂಟ. ಮೈಯ ಬಿಸಿಗೆ ಅವು ಒಟ್ಟಿಗೇ ಆವಿಯಾಗುವುದಿಲ್ಲ. ನಿಂಬೆ, ಕಿತ್ತಳೆ ಸಿಪ್ಪೆಯಲ್ಲಿರುವ ಲಿಮೊನೀನ್ ಬೇಗ ಹಾರಿಹೋಗುತ್ತದೆ. ಶ್ರೀಗಂಧದ ಸ್ಯಾಂಟಲಾಲ್ ಗಂಟೆಗಟ್ಟಲೆ ಉಳಿಯುತ್ತದೆ. ಒಣ ಚರ್ಮದಲ್ಲಿ ಘಮ ಬೇಗ ಕುಂದುತ್ತದೆ, ಎಣ್ಣೆಯಂಶದ ಚರ್ಮ ಅದನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ.

ಉತ್ತರ ಪ್ರದೇಶದ ಕನೌಜ್‌ನ ಕುಶಲಕರ್ಮಿಗಳು ಇದನ್ನು ಬಹುಕಾಲದಿಂದ ಬಲ್ಲರು. ಅಲ್ಲಿ ತಾಮ್ರದ ಹಂಡೆಯಲ್ಲಿ ಗುಲಾಬಿ ಎಸಳು ಕುದಿಯುತ್ತದೆ. ಆವಿ ಬಿದಿರಿನ ಕೊಳವೆ ಹಾದು, ನೀರಿನಲ್ಲಿ ತಣ್ಣಗೆ ಕೂತ ಪಾತ್ರೆಯ ಗಂಧದೆಣ್ಣೆಗೆ ಇಳಿಯುತ್ತದೆ. ಹಚ್ಚಿದಾಗ ಗುಲಾಬಿ, ಹೊತ್ತು ಸರಿದಂತೆ ಗಂಧ.

ಗಂಧದೆಣ್ಣೆ ದುಬಾರಿಯಾದ ಮೇಲೆ ಆ ಜಾಗಕ್ಕೆ ದ್ರವ ಪ್ಯಾರಾಫಿನ್ ಬಂದಿದೆ. ಅದಕ್ಕೆ ಸ್ವಂತ ಪರಿಮಳವಿಲ್ಲ, ಹೂವಿನ ಘಮ ಇಳಿದರೆ ಉಳಿಯುವುದು ಜಿಡ್ಡು ಮಾತ್ರ. ಈ ವ್ಯತ್ಯಾಸ ಸೀಸೆಯ ಬಾಯಲ್ಲಿ ತಿಳಿಯುವುದೇ ಇಲ್ಲ.

ಹಾಗಾಗಿ ಮಾರುವವರು ಮೂಲ ಎಣ್ಣೆ ಯಾವುದೆಂದು ಸೀಸೆಯ ಮೇಲೆ ಬರೆಯಲೇಬೇಕು. ಕೊಳ್ಳುವವರು ಬೆಳಿಗ್ಗೆ ಹಚ್ಚಿಸಿಕೊಂಡು, ಪೇಟೆಯ ಉಳಿದ ಕೆಲಸ ಮುಗಿಸಿ, ಸಂಜೆ ಮತ್ತೆ ಮೂಸಿದ ಮೇಲೆಯೇ ಬೆಲೆ ಕೇಳಲಿ.