ಗೋಡೆಯಾಚೆಯ ಸದ್ದು

ಕಳೆದ ಸಂಚಿಕೆಯ ನಮ್ಮ ಹರಟೆಯನ್ನು ಓದಿದ ಸೋದರಿಯೊಬ್ಬರು ಹೀಗೆ ಕೇಳಿದ್ದಾರೆ: “ಲಾಕ್‌ಡೌನಿನಲ್ಲಿ ಮನೆಮಂದಿಯೆಲ್ಲ ಒಟ್ಟಿಗಿದ್ದೆವೆಂದು ಹೊಗಳುತ್ತೀರಿ. ಆಗಲೇ ಹೆಂಗಸರಿಗೆ ಪೆಟ್ಟು ಹೆಚ್ಚಿತಲ್ಲ, ಏಕೆ?” ಪ್ರಶ್ನೆ ಚಿಕ್ಕದು. ಆದರೆ ಉತ್ತರ ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

2020ರ ಏಪ್ರಿಲ್ ತಿಂಗಳು. ಮುಂಬಯಿಯ ನಮ್ಮ ಚಾಳಿನಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕುಳಿತಿದ್ದೆವು. ಒಂದು ರಾತ್ರಿ ಪಕ್ಕದ ಖೋಲಿಯಲ್ಲಿ ಪಾತ್ರೆ ಬಿದ್ದ ಸದ್ದು, ಹಿಂದೆಯೇ ಪೆಟ್ಟಿನ ಸದ್ದು, ಆಮೇಲೆ ಮೌನ. ನಮ್ಮಾಕೆ ನಮ್ಮ ಮುಖ ನೋಡಿದಳು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಹೇಳಿ, ನಾವು ಟೀವಿಯ ದನಿ ಏರಿಸಿದೆವು.

ಆ ದಿನಗಳ ಲೆಕ್ಕವನ್ನು ನೋಡೋಣ. ಫೆಬ್ರವರಿ 27ರಿಂದ ಮಾರ್ಚ್ 22ರವರೆಗಿನ 25 ದಿನಗಳಲ್ಲಿ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು 123. ಮುಂದಿನ 25 ದಿನಗಳಲ್ಲಿ 239. ಎಲ್ಲಕ್ಕೂ ಕುಡಿತವೇ ಕಾರಣವೆನ್ನುವವರಿದ್ದಾರೆ. ಆದರೆ ಆ ಏಪ್ರಿಲಿನಲ್ಲಿ ದೇಶದ ಬಹುಭಾಗದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ತೆರೆದದ್ದು ಮೇ 4ರಿಂದ. ಕೆಲಸ ಹೋದ ಚಿಂತೆ, ಸಂಬಳ ನಿಂತ ಸಂಕಟ ಇದ್ದದ್ದು ನಿಜ. ಆದರೆ ಸಾಹೇಬರ ಮೇಲೆ ಬಂದ ಸಿಟ್ಟನ್ನು ಸಾಹೇಬರ ಮುಂದೆ ನುಂಗಿಕೊಳ್ಳಬಲ್ಲ ಗಂಡಸು, ಮನೆಗೆ ಬಂದಾಗ ಮಾತ್ರ ತಡೆಯಲಾರದೆ ಹೋದನೆಂದರೆ ನಂಬುವುದು ಹೇಗೆ? ಸಿಟ್ಟು ಎಲ್ಲಿ ಇಳಿಸಬಹುದೆಂಬುದು ಅವನಿಗೆ ಚೆನ್ನಾಗಿ ಗೊತ್ತು.

ಲಾಕ್‌ಡೌನು ಕಸಿದುಕೊಂಡದ್ದು ಹೆಂಗಸಿನ ಆಸರೆಗಳನ್ನು. ಕೆಲಸಕ್ಕೆ ಹೋಗುವ ನೆಪವಿಲ್ಲ, ಮಾರ್ಕೆಟ್ಟಿನಲ್ಲಿ ಗೆಳತಿಯೊಡನೆ ನಾಲ್ಕು ಮಾತಿಲ್ಲ, ಬರುವ ನೆಂಟರಿಲ್ಲ. ಫೋನು ಮಾಡೋಣವೆಂದರೆ ಗಂಡ ಎದುರಿಗೇ ಕುಳಿತಿದ್ದಾನೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಯ ಹೆಣ್ಣುಮಕ್ಕಳಿಗೆ ತವರೆಂದರೆ ಒಂದು ರಾತ್ರಿಯ ರೈಲು. ಆ ರೈಲೂ ನಿಂತುಹೋಗಿತ್ತು.

ಹಾಗೆಂದು ತಪ್ಪನ್ನೆಲ್ಲ ರೋಗದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ನಮ್ಮ ಕರ್ನಾಟಕದಲ್ಲಿ ವಿಚಾರಿಸಿದ್ದು 2019ರಲ್ಲಿ, ರೋಗ ಬರುವ ಮೊದಲೇ. 18ರಿಂದ 49 ವರ್ಷದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಬೆಂಕಿ ಮೊದಲೇ ಇತ್ತು. ಲಾಕ್‌ಡೌನು ಕಿಟಕಿ ಮುಚ್ಚಿತು.

ನಾವು ಗುಮಾಸ್ತರು. ದೂರಿನ ಅರ್ಜಿ ಬಾರದಿದ್ದರೆ ‘ತಕರಾರಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚುವವರು. ಆದರೆ ಟಪಾಲೇ ನಿಂತುಹೋದ ದಿನಗಳಲ್ಲಿ ಅರ್ಜಿ ಬರುವುದೆಲ್ಲಿಂದ? ಆಯೋಗದವರು ಏಪ್ರಿಲ್ 10ರಂದು ವಾಟ್ಸಾಪ್ ಸಂಖ್ಯೆಯೊಂದನ್ನು ತೆರೆದದ್ದು ಇದಕ್ಕಾಗಿಯೇ.

ಪಕ್ಕದ ಖೋಲಿಯಾಕೆ ಕಲಬುರಗಿ ಕಡೆಯವಳು. ರೈಲು ಶುರುವಾದ ಮೇಲೆ ಮಗುವನ್ನೆತ್ತಿಕೊಂಡು ತವರಿಗೆ ಹೊರಟಾಗ ನಮ್ಮಾಕೆಗೆ ಇಷ್ಟೇ ಹೇಳಿದಳಂತೆ: “ಅಕ್ಕಾ, ಆ ರಾತ್ರಿ ನಿಮ್ಮ ಟೀವಿ ಜೋರಾಗಿದ್ದು ನನಗ ಕೇಳಿಸ್ತು.”

ಆ ಮಾತು ಈಗಲೂ ನಮ್ಮ ಕಿವಿಯಲ್ಲಿದೆ. ನಾವು ಏನು ಮಾಡಬಹುದಾಗಿತ್ತು? ಬಾಗಿಲು ತಟ್ಟಿ ಒಂದು ಲೋಟ ಹಾಲು ಕೇಳಬಹುದಾಗಿತ್ತು. 2008ರಲ್ಲಿ ‘ಬೆಲ್ ಬಜಾವೋ’ ಎಂಬ ಪ್ರಚಾರದಲ್ಲಿ ಟೀವಿಯಲ್ಲೇ ಇದನ್ನು ತೋರಿಸಿದ್ದರು. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿದರೆ ಎತ್ತಿದ ಕೈ ಇಳಿಯುವುದುಂಟು. ಬಾಗಿಲು ತಟ್ಟಲು ಹೆದರಿಕೆಯಾದರೆ ಕಾನೂನಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ಪೆಟ್ಟು ತಿಂದವಳೇ ದೂರು ಕೊಡಬೇಕೆಂದಿಲ್ಲ. ವಿಷಯ ತಿಳಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಬರುವುದಿಲ್ಲ. ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕುಂಟು ಎಂಬುದೂ ಅದೇ ಕಾಯಿದೆಯಲ್ಲಿದೆ.

ಮಹಿಳಾ ಸಹಾಯವಾಣಿ 181, ತುರ್ತಿಗೆ 112. ನಮ್ಮಾಕೆ ಎರಡನ್ನೂ ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದಾಳೆ. ಓದುಗರೂ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ಬಿನ್ನಹ.